ಎದುರಂಗಡಿಯ ಹೊಲಿಗೆ

ಉದ್ದ ಕಡಿಮೆ ಮಾಡಿಸಲು ಟೀಚರಮ್ಮ ತಂದಿದ್ದ ಅಂಗಿಯ ಒಳಮೈಯನ್ನು ಹೊರಗೆ ಮಾಡಿ, ಟೈಲರಕ್ಕ ಕಿಟಕಿಯ ಬೆಳಕಿಗೆ ಹಿಡಿದಳು. ಒಂದು ನೂಲೂ ಜೋತುಬಿದ್ದಿರಲಿಲ್ಲ. ಕಂಕುಳಿನ ತಿರುವಿನಲ್ಲೂ ಹೊಲಿಗೆ ಇರುವೆ ಸಾಲಿನಂತೆ ಸಾಗಿತ್ತು. ಯಾರೂ ನೋಡದ ಜಾಗದಲ್ಲೂ ಇಷ್ಟು ಚಂದ! ಅವಳು ಅಂಗಿಯನ್ನು ಸರಕ್ಕನೆ ಮೇಜಿನ ಮೇಲೆ ಹಾಕಿದಳು.

“ಎದುರಂಗಡೀಲಿ ಹೊಲಿಸಿದ್ದು. ಈಗ ಅಲ್ಲಿ ಕಾಲಿಡೋಕೂ ಜಾಗ ಇಲ್ಲ, ಅದಕ್ಕೇ ನಿಮ್ಮ ಹತ್ರ ತಂದೆ,” ಎಂದರು ಟೀಚರಮ್ಮ. “ಈ ಸಲ ಮಕ್ಕಳ ಯೂನಿಫಾರ್ಮೂ ಅವಳಿಗೇ ಕೊಡೋಣ ಅಂತಿದ್ದೀವಿ.”

ಹೊಳೆಯ ಎರಡೂ ದಡದವರು ಬಡಿದಾಡಿದ ನಾಲ್ಕು ವರ್ಷವೂ ಯೂನಿಫಾರ್ಮ್ ಹೊಲಿದವಳು ಟೈಲರಕ್ಕ. ಗುಂಡಿನ ಸದ್ದಾದರೆ ಮೆಷಿನ್ ಕೆಳಗೆ ನುಸುಳಿ, ನಿಂತ ಮೇಲೆ ಮತ್ತೆ ತುಳಿಯುತ್ತಿದ್ದಳು.

“ಕೊಡಿ, ಧಾರಾಳವಾಗಿ ಕೊಡಿ. ಆಚೆ ದಡದವಳು ಅಂತ ಗೊತ್ತಲ್ಲ? ನನ್ನ ತಮ್ಮನ್ನ ಕೊಂದವರ ಪೈಕಿ.”

ಟೀಚರಮ್ಮನ ಮುಖ ಸಣ್ಣದಾಯಿತು. “ಅವಳೇನು ಮಾಡಿದ್ಲು, ಪಾಪ?”

“ಅವಳು ಮಾಡಿದ್ಲು ಅಂತ ನಾನೆಲ್ಲಿ ಅಂದೆ? ಇದ್ದದ್ದು ಹೇಳಿದೆ.”

ಆ ಮಾತು ವಾರದೊಳಗೆ ಊರೆಲ್ಲ ಹಬ್ಬಿ, ಎದುರಂಗಡಿಯ ಮೆಟ್ಟಿಲು ಬಣಗುಟ್ಟಿತು. ಯೂನಿಫಾರ್ಮಿನ ಬಟ್ಟೆ ಟೈಲರಕ್ಕನ ಮೇಜು ಸೇರಿತು. ಅವಳಿಗೆ ಖುಷಿಯಾಗಲಿಲ್ಲ ಎಂದರೆ ಸುಳ್ಳು.

ಎಂಟನೆಯ ದಿನ ಎದುರಂಗಡಿಯವಳೇ ಒಂದು ಗಂಟು ಹಿಡಿದು ಬಂದಳು.

“ಅಕ್ಕಾ, ಅಂಗಡಿ ಖಾಲಿ ಮಾಡ್ತಿದ್ದೀನಿ. ಒಪ್ಪಿಕೊಂಡಿದ್ದ ಮೂರು ಅಂಗಿ ಮುಗಿಸಿದ್ದೀನಿ. ತಗೊಂಡು ಹೋಗೋಕೂ ಯಾರೂ ನನ್ನ ಬಾಗಿಲಿಗೆ ಬರ್ತಿಲ್ಲ. ನೀವೇ ಕೊಟ್ಟುಬಿಡ್ತೀರಾ?”

“ಎಲ್ಲಿಗೆ ಹೋಗ್ತೀಯ?”

“ಆಚೆ ಮನೆ ಸುಟ್ಟುಹೋಯ್ತು. ಈಚೆ ಹೀಗೆ. ನೋಡೋಣ, ಬಸ್ಸು ಎಲ್ಲಿವರೆಗೆ ಹೋಗುತ್ತೋ.”

ಅವಳು ಹೋದಮೇಲೆ ಟೈಲರಕ್ಕ ಗಂಟು ಬಿಚ್ಚಿದಳು. ಊರು ಬಿಡುವವಳ ಕೈಕೆಲಸ. ಆದರೂ ಒಂದು ಗುಂಡಿಯೂ ಸಡಿಲವಿಲ್ಲ. ತಮ್ಮ ಸತ್ತ ದುಃಖ ನಿಜ. ಆದರೆ ಆ ದಿನ ಟೀಚರಮ್ಮನೆದುರು ಅವನ ಮಾತು ಎತ್ತಿದ್ದು ಅವನಿಗಾಗಿ ಅಲ್ಲ, ಈ ಹೊಲಿಗೆಯ ಮೇಲಿನ ಹೊಟ್ಟೆಕಿಚ್ಚಿಗೆ. ಸತ್ತವನನ್ನು ಅಂಗಡಿಯ ಜಗಳಕ್ಕೆ ಎಳೆದು ತಂದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ, ಬೀದಿ ತುಂಬಿದ ಹೊತ್ತಿಗೆ, ಅವಳು ಒಂದು ಬಟ್ಟೆ ಹಿಡಿದು ರಸ್ತೆ ದಾಟಿದಳು. ಎದುರಂಗಡಿಯವಳು ಇನ್ನೂ ಸಾಮಾನು ಕಟ್ಟುತ್ತಿದ್ದಳು.

“ನಂಗೊಂದು ಕೋಟು ಹೊಲಿದುಕೊಡು. ಇಲ್ಲೇ, ಬಾಗಿಲಲ್ಲೇ ಅಳತೆ ತಗೋ.”

ತರಕಾರಿಯವನು ಗಾಡಿ ನಿಲ್ಲಿಸಿ ನಕ್ಕ. “ಏನ್ ಟೈಲರಕ್ಕಾ, ನಿಮ್ಮ ಮೆಷಿನ್ ಕೈಕೊಡ್ತಾ?”

“ಇಲ್ಲಪ್ಪ.” ಕಷ್ಟಪಟ್ಟು, ಇಡೀ ಬೀದಿಗೆ ಕೇಳುವಂತೆ ಅಂದಳು: “ಇವಳಷ್ಟು ಚೆನ್ನಾಗಿ ನಂಗೆ ಹೊಲಿಯೋಕೆ ಬರಲ್ಲ.”

ಎದುರಂಗಡಿಯವಳು ಟೇಪು ತಂದು ಅವಳ ಎದೆಯ ಸುತ್ತ ಹಾಕಿದಳು.

“ನೀನು ಆಚೆ ದಡದವಳು ಅನ್ನೋ ಮಾತು ಹಬ್ಬಿಸಿದ್ದು ನಾನೇ,” ಎಂದಳು ಟೈಲರಕ್ಕ, ತಗ್ಗಿದ ದನಿಯಲ್ಲಿ.

ಟೇಪು ಗಕ್ಕನೆ ನಿಂತಿತು. ತರಕಾರಿ ಗಾಡಿ ಮುಂದೆ ಹೋದಮೇಲೆ ಎದುರಂಗಡಿಯವಳು ಅದನ್ನು ಮತ್ತೆ ಸರಿಮಾಡಿ ಹಿಡಿದಳು.

“ಗೊತ್ತು,” ಎಂದಳು. “ಉಸಿರು ಬಿಗಿಹಿಡೀಬೇಡಿ, ಅಕ್ಕ. ಅಳತೆ ತಪ್ಪುತ್ತೆ.”