ಅಕ್ಕನ ಮಹಡಿಯ ಅಳತೆ

ಊರಿನ ಮರ, ಕಂಬ, ನೀರಿನ ಟ್ಯಾಂಕು ಎಲ್ಲದರ ತುದಿ ಅಳೆದು ಬಂದ ವಿಮಾನ ನಿಲ್ದಾಣದ ಸರ್ವೆಯರ್, ತನ್ನ ಅಕ್ಕನ ಮನೆ ಮುಂದೆ ಮಾತ್ರ ಅಳೆದೂ ಸುರಿದೂ ನಿಂತುಬಿಟ್ಟ. ರಸ್ತೆ ಬದಿಯಲ್ಲಿ ಮುಕ್ಕಾಲಿಯ ಮೇಲೆ ಯಂತ್ರ ಕೂರಿಸುತ್ತಿದ್ದ ವಯಸ್ಸಾದ ಸಹಾಯಕ ಅವನ ಮುಖ ನೋಡಿ, "ಬೇಕಾದ್ರೆ ನಾನೇ ಹೋಗಿ ಹೇಳ್ಲಾ ಸಾರ್?" ಎಂದ.

"ಬೇಡ. ನಮ್ಮಕ್ಕ ನಿಮಗೆ ಗೊತ್ತಿಲ್ಲ."

ಸಂಗತಿ ಇಷ್ಟೇ. ರನ್‌ವೇ ಗಿಡ್ಡ. ಮಳೆ ಬಿದ್ದ ದಿನ ದೊಡ್ಡ ವಿಮಾನಗಳು ಮೇಲೊಂದು ಸುತ್ತು ಹಾಕಿ, ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸಾಗುತ್ತಿದ್ದವು. ಇನ್ನೂ ಸಾವಿರ ಅಡಿ ಉದ್ದ ಮಾಡಲೆಂದು ಪಡುವಣ ತುದಿಯ ಹಳೆಯ ಕೆರೆಯಂಗಳಕ್ಕೆ ಎರಡು ವರ್ಷ ಮಣ್ಣು ಸುರಿದರು. ನೆಲ ಕುಸಿಯುತ್ತಲೇ ಹೋಯಿತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಹೋದ ತಿಂಗಳು ಕೈಚೆಲ್ಲಿ ಮೂಡಣಕ್ಕೆ ತಿರುಗಿದರು. ಅಕ್ಕನ ಮನೆ ಇರುವುದು ಮೂಡಣದಲ್ಲಿ.

ಇಳಿಯುವ ವಿಮಾನದ ಕೆಳಗೆ ಕಟ್ಟಡದ ಎತ್ತರಕ್ಕೊಂದು ಲೆಕ್ಕವಿದೆ. ರನ್‌ವೇಯಿಂದ ದೂರ ಹೋದ ಪ್ರತಿ ಐವತ್ತು ಅಡಿಗೆ ಒಂದಡಿ ಎತ್ತರ ಸಿಗುತ್ತದೆ, ಅಷ್ಟೇ. ರನ್‌ವೇ ಸಾವಿರ ಅಡಿ ಹತ್ತಿರ ಬಂದರೆ ಮಿತಿ ಇಪ್ಪತ್ತು ಅಡಿ ಕೆಳಗಿಳಿಯುತ್ತದೆ. ಮೂರು ವರ್ಷದ ಹಿಂದೆ ಅಕ್ಕ ಮಹಡಿ ಕಟ್ಟುವಾಗ ಇವನೇ ಅಳೆದು, "ಇನ್ನೂ ಹನ್ನೊಂದು ಅಡಿ ಮಿಕ್ಕುತ್ತೆ. ರನ್‌ವೇ ಉದ್ದ ಮಾಡಿದ್ರೂ ಕೆರೆ ಕಡೆಗೇ ಮಾಡೋದು. ಕಣ್ಮುಚ್ಕೊಂಡು ಕಟ್ಟು" ಎಂದಿದ್ದ. ಅಳತೆಯೇನೋ ಸರಿಯಾಗಿಯೇ ಇತ್ತು. ಈಗ ಮಿಕ್ಕುವುದು ಹೋಗಿ ಮನೆಯೇ ಮಿತಿಗಿಂತ ಒಂಬತ್ತು ಅಡಿ ಹೆಚ್ಚಾಗಿತ್ತು, ಅಂದರೆ ಹೆಚ್ಚುಕಡಿಮೆ ಇಡೀ ಮಹಡಿ. ಅಲ್ಲೇ ಅಕ್ಕನ ಹೊಲಿಗೆ ಕೋಣೆ.

ಈ ಲೆಕ್ಕ ಅವನಿಗೆ ಗೊತ್ತಾಗಿ ತಿಂಗಳಾಗಿತ್ತು. ಪ್ರತಿ ಭಾನುವಾರ ಹೇಳಲೆಂದೇ ಬರುತ್ತಿದ್ದ; ಭಾವನ ಜೊತೆ ಹಾಳು ಹರಟೆ ಹೊಡೆದು ಎದ್ದು ಹೋಗುತ್ತಿದ್ದ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಪಾಡು. ಪಾಪ, ಕೆಟ್ಟವನಲ್ಲ, ಪುಕ್ಕಲ.

ಅಕ್ಕ ಕೊರಳಿಗೆ ಟೇಪು ಹಾಕಿಕೊಂಡೇ ಬಾಗಿಲಿಗೆ ಬಂದಳು. "ಏನೋ ಇದು, ಸರ್ಕಾರಿ ಸವಾರಿ ನಮ್ಮನೆ ಮುಂದೆ? ಬಾ ಮೇಲೆ, ಹೊಸ ಮಿಷನ್ ನೋಡು. ಮೊನ್ನೆ ಎರಡು ಬಂದ್ವು."

ಅವನು ಅಕ್ಕನ ಹಿಂದೆ ಮೆಟ್ಟಿಲು ಹತ್ತಿದ. ಮಹಡಿಯಲ್ಲಿ ಐದು ಹೆಂಗಸರ ಜೊತೆಗೆ ಆರನೆಯವಳೊಬ್ಬಳು ಕೂತು ಶಾಲೆಯ ಅಂಗಿಗೆ ಕಾಲರ್ ಕೂರಿಸುತ್ತಿದ್ದಳು. "ಇವಳು ಹೋದ ವಾರ ಸೇರಿದ್ದು. ನಾನು ಕರೆದೆ ಅಂತ ಇದ್ದ ಕೆಲಸ ಬಿಟ್ಟು ಬಂದಿದಾಳೆ" ಎಂದಳು ಅಕ್ಕ, ಹೆಮ್ಮೆಯಿಂದ.

ಅವನು ಅಳತೆಕೋಲು ಹಿಡಿದು ತಾರಸಿ ಹತ್ತಿದ. ಅಕ್ಕ ಹಿಂದೆಯೇ ಬಂದಳು. ಅವನು ಗೋಡೆಯ ಮೇಲೆ ಕೋಲು ನಿಲ್ಲಿಸಿದ. ಅದು ವಾಲಿತು. "ಕೊಡಿಲ್ಲಿ, ನೀನು ಬರ್ಕೋ" ಎಂದು ಅಕ್ಕ ತಾನೇ ಕೋಲು ಹಿಡಿದು ನೆಟ್ಟಗೆ ನಿಂತಳು. ಕೆಳಗಿನಿಂದ ಸಹಾಯಕ ಅಂಕಿ ಕೂಗಿ, "ಒಂಬತ್ತು ಅಡಿ ಜಾಸ್ತಿನೇ ಸಾರ್, ಲೆಕ್ಕ ಸರಿಯಾಗಿದೆ" ಎಂದ.

"ಯಾವುದಕ್ಕೆ ಜಾಸ್ತಿ?" ಅಕ್ಕ ಕೇಳಿದಳು.

ಅವನು ಹೇಳಿದ. ಕೆರೆ, ಮಣ್ಣು, ಇಪ್ಪತ್ತು ಅಡಿ, ಪರಿಹಾರ, ಎಲ್ಲವನ್ನೂ ಒಂದೇ ಉಸಿರಿಗೆ. ಅಕ್ಕ ಕೋಲು ಬಿಡಲಿಲ್ಲ.

"ನಿನಗೆ ಯಾವಾಗ ಗೊತ್ತಾಯ್ತು?"

"ತಿಂಗಳಾಯ್ತು."

ಅಕ್ಕನ ಕಣ್ಣು ತುಂಬಿತು. "ಮಹಡಿ ನೀನು ಕೆಡವ್ತಿಲ್ಲ, ಅದು ನನಗೂ ಗೊತ್ತಾಗುತ್ತೆ ಕಣೋ. ಅದಕ್ಕೆ ಸರ್ಕಾರ ಏನೋ ಕೊಡುತ್ತೆ. ಈ ಒಂದು ತಿಂಗಳಿಗೆ ಯಾರು ಕೊಡ್ತಾರೆ? ಮೊದಲೇ ಹೇಳಿದ್ರೆ ನಾನು ಅವಳನ್ನ ಕರೀತಿದ್ನಾ?"

"ತಪ್ಪಾಯ್ತಕ್ಕ. ನಿನ್ನ ಮುಖ ನೋಡಿದ್ರೆ ಬಾಯೇ ಬರ್ಲಿಲ್ಲ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಕೋಲನ್ನು ಅವನ ಕೈಗಿತ್ತಳು. "ನನಗೆ ಹೇಳಿದ್ದಾಯ್ತು. ಈಗ ಬಾ, ಅವಳಿಗೂ ನೀನೇ ಹೇಳು."

"ಇವತ್ತೇನಾ? ಭಾನುವಾರ ಬಂದು..."

ಅಕ್ಕ ಅವನನ್ನು ದಿಟ್ಟಿಸಿದಳು. ಚಿಕ್ಕಂದಿನಲ್ಲಿ ಶಾಲೆ ತಪ್ಪಿಸಿ ಸಿಕ್ಕಿಬಿದ್ದಾಗಲೂ ಅವಳು ಹೀಗೆ ನೋಡಿರಲಿಲ್ಲ. ಅವನು ಭಾನುವಾರದ ಮಾತು ಅಲ್ಲಿಗೇ ಬಿಟ್ಟು ಮೆಟ್ಟಿಲಿಳಿದ. ಹೊಲಿಗೆ ಕೋಣೆಗೆ ಬಂದು ಆರನೆಯವಳ ಮಿಷನ್ ಪಕ್ಕ ಸ್ಟೂಲು ಎಳೆದುಕೊಂಡು ಕೂತ.

"ಒಂದು ನಿಮಿಷ ಮಿಷನ್ ನಿಲ್ಸಿ" ಎಂದ. "ನಾನು ಇವರ ತಮ್ಮ. ನೀವು ಹಳೆ ಕೆಲಸ ಬಿಡೋಕೆ ಮುಂಚೆನೇ ಒಂದು ಮಾತು ಹೇಳ್ಬೇಕಿತ್ತು, ನಾನು ಹೇಳ್ಲಿಲ್ಲ."