ಅಮ್ಮನ ಸೈಕಲ್ಲಿನ ಮುಂದಿನ ಬ್ರೇಕ್

ಹೊಲಿಗೆ ಮಿಷನ್ನಿನ ಮುಂದೆ ಇಪ್ಪತ್ತೈದು ವರ್ಷ ಬಗ್ಗಿ ಕೂತವರ ಬೆನ್ನು ಹೇಗಿರುತ್ತದೆ ಹೇಳಿ? ಒಂದು ದಿನ ಕುತ್ತಿಗೆ ತಿರುಗುವುದಿಲ್ಲ, ಇನ್ನೊಂದು ದಿನ ಸೊಂಟ ಏಳುವುದಿಲ್ಲ. ಟೈಲರಮ್ಮನಿಗೂ ಹಾಗೇ ಆಗಿತ್ತು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿಯ ಹತ್ತಿರ ಮಿಷನ್ನು, ಗೋಡೆಯುದ್ದಕ್ಕೂ ಬಟ್ಟೆ ಕತ್ತರಿಸುವ ಮೇಜು, ಮೂಲೆಯಲ್ಲಿ ಅವಳ ಅಕ್ಕ ಕೂತು ಗುಂಡಿ ಹಾಕುವ ಸ್ಟೂಲು. ಶಾಲೆ ಶುರುವಾಗುವ ಕಾಲಕ್ಕೆ ಸಮವಸ್ತ್ರದ ರಾಶಿ ಕಿಟಕಿಯ ಬೆಳಕನ್ನೇ ಮುಚ್ಚುತ್ತಿತ್ತು.

ಮಗಳು ಕೆಲಸ ಮಾಡುವ ಆಸ್ಪತ್ರೆಯಲ್ಲೇ ಅವಳು ಬೆನ್ನು ತೋರಿಸಿಕೊಂಡಳು. ಅಲ್ಲಿನ ಫಿಸಿಯೋ ಅಕ್ಕ ಕೆಲವು ತಿಂಗಳು ವ್ಯಾಯಾಮ ಮಾಡಿಸಿದರು. ನೋವು ಇಳಿದ ಮೇಲೆ, "ಇನ್ನು ಮತ್ತೆ ಕೂತಲ್ಲೇ ಕೂರಬೇಡಿ ಟೈಲರಮ್ಮ. ಮೈ ಅಲ್ಲಾಡೋ ಹಾಗೆ ಏನಾದ್ರೂ ಮಾಡಿ. ಆದ್ರೆ ಇಷ್ಟಪಟ್ಟು ಮಾಡಿ" ಅಂದರು.

"ನೀವೇನು ಮಾಡ್ತೀರಿ?"

"ಭಾನುವಾರ ಸೈಕಲ್ ತಗೊಂಡು ಗುಡ್ಡಕ್ಕೆ ಹೋಗ್ತೀವಿ. ಹೆಂಗಸರದ್ದೇ ಒಂದು ಗುಂಪಿದೆ. ಹತ್ತೋದು, ಆಮೇಲೆ ಕಾಲುದಾರೀಲಿ ಇಳಿಯೋದು."

"ಹಾಗಾದ್ರೆ ನಂದೂ ಅದೇ!"

ಪಕ್ಕದಲ್ಲಿ ನಿಂತಿದ್ದ ಮಗಳು ಅಮ್ಮನ ತೋಳು ಹಿಡಿದು ಎಳೆದಳು.

ಮಗಳನ್ನು ಮನೆಯಲ್ಲಿ ಗುಬ್ಬಿ ಅನ್ನುತ್ತಿದ್ದರು. ಓದು ಮುಗಿಸಿ ಆಸ್ಪತ್ರೆಯ ಎಕ್ಸ್-ರೇ ಕೋಣೆಗೆ ಸೇರಿದ್ದಳು. ಮಾತು ಬಹಳ ಕಡಿಮೆ. ಮನಸ್ಸಿನಲ್ಲಿ ಹತ್ತು ಮಾತು ಹುಟ್ಟಿದರೆ ಬಾಯಿಗೆ ಬರುವುದು ಒಂದು, ಅದೂ ಅರ್ಧ. ದಿನವಿಡೀ ಅವಳ ಮುಂದೆ ಬರುತ್ತಿದ್ದದ್ದು ಮೆಟ್ಟಿಲಿಂದ ಬಿದ್ದವರು, ಏಣಿಯಿಂದ ಬಿದ್ದವರು, ಸೈಕಲ್ಲಿಂದ ಬಿದ್ದವರು. ಬೆಳಗಿನಿಂದ ಸಂಜೆವರೆಗೆ ಬಿದ್ದವರನ್ನೇ ನೋಡುವವಳಿಗೆ, ಬೀಳದೆ ನೆಟ್ಟಗೆ ಮನೆಗೆ ಹೋದವರು ಕಣ್ಣಿಗೆ ಬೀಳುವುದಾದರೂ ಹೇಗೆ?

ಅಮ್ಮ ಮಾತ್ರ ಹಿಡಿದ ಹಟ ಬಿಡುವವಳಲ್ಲ. ಫಿಸಿಯೋ ಅಕ್ಕನನ್ನೂ ಗುಬ್ಬಿಯನ್ನೂ ಎಳೆದುಕೊಂಡು ಸೈಕಲ್ ಅಂಗಡಿಗೆ ಹೋದಳು. ಅಂಗಡಿಯವರು ಬಾಗಿಲಲ್ಲೇ ನಿಲ್ಲಿಸಿದ್ದ ಕೆಂಪು ಸೈಕಲ್ಲನ್ನು ಮುಂದೆ ತಳ್ಳಿದರು.

"ಇದಕ್ಕೆ ಆಫರ್ ಇದೆ ಮೇಡಂ. ಇರೋದೇ ಒಂದು."

ಅಮ್ಮ ಕಾಲು ಹಾಕಿ ನಿಂತಳು. ನಡುವಿನ ಕಂಬಿ ತಾಗಿ, ಹೆಬ್ಬೆರಳ ತುದಿಯ ಮೇಲೆ ನಿಲ್ಲಬೇಕಾಯಿತು.

"ಒಂಚೂರು ದೊಡ್ಡದು ಅಷ್ಟೇ. ಅಭ್ಯಾಸ ಆಗುತ್ತೆ," ಅಂದರು ಅಂಗಡಿಯವರು.

"ಮಕ್ಕಳಾದ್ರೆ ಬೆಳೀತಾರೆ ಅಂತ ದೊಡ್ಡದು ತಗೋಬಹುದು ಸ್ವಾಮಿ. ನಾನಿನ್ನು ಬೆಳೆಯೋದು ಅಡ್ಡಕ್ಕೆ ಮಾತ್ರ!"

"ಮಕ್ಕಳಿಗೂ ದೊಡ್ಡದು ತಗೋಬಾರದು," ಅಂದರು ಫಿಸಿಯೋ ಅಕ್ಕ ನಗುತ್ತಲೇ. "ಬಟ್ಟೆಯಾದ್ರೆ ಒಳಗೆ ಮಡಚಿ ಹೊಲೀಬಹುದು, ಸೈಕಲ್ಲಿಗೆ ಮಡಚೋ ಜಾಗ ಎಲ್ಲಿದೆ? ಎರಡೂ ಪಾದ ಊರಿ ನಿಂತಾಗ ಕಂಬಿಗೂ ನಮಗೂ ನಡುವೆ ಧಾರಾಳ ಜಾಗ ಇರಬೇಕು. ಗುಡ್ಡದಲ್ಲಿ ಯಾವಾಗ ಕಾಲು ಊರಬೇಕಾಗುತ್ತೋ ಗೊತ್ತಿರಲ್ಲ."

"ಚಕ್ರ ತೆಳ್ಳಗಿರೋದು ಹಗುರ ಅಂತಾರಲ್ಲ?" ಅಂದಳು ಅಮ್ಮ.

"ಟಾರು ರಸ್ತೆಗಾದ್ರೆ ಅದೇ ಸರಿ. ಬರೀ ಇಳಿಯೋಕೆ ಅಂತಾದ್ರೆ ಅಗೋ, ಆ ದಪ್ಪನೇದು. ಅದನ್ನ ಮೇಲಕ್ಕೆ ಹತ್ತಿಸೋಕೆ ಇನ್ನೊಬ್ಬರು ಬೇಕು. ನಮಗೆ ಹತ್ತೋಕೂ ಆಗಬೇಕು, ಇಳಿಯೋಕೂ ಆಗಬೇಕು. ಆಲ್-ಮೌಂಟನ್ ಸೈಕಲ್ ಅಂತ ಅದಕ್ಕೇ ಕರೆಯೋದು. ಹಿಂದೆ ಮುಂದೆ ಕುಲುಕಾಟ ಹೀರೋ ಶಾಕ್, ಅಗಲ ಟೈರು, ಏರಿಗೆ ಹಗುರ ಗೇರು."

"ಅಂದ್ರೆ ಮದುವೆಮನೆಗೂ ಆಗುತ್ತೆ, ಅಡುಗೆಮನೆಗೂ ಆಗುತ್ತೆ ಅನ್ನೋ ಬಟ್ಟೆ!"

ಕೊನೆಗೆ ಒಳಗಡೆ ಮೂಲೆಯಲ್ಲಿ, ಯಾರೋ ಬಳಸಿ ಮಾರಿದ್ದ ಒಂದು ಸೈಕಲ್ ಸಿಕ್ಕಿತು. ಫಿಸಿಯೋ ಅಕ್ಕ ಅದರ ಕಂಬಿಗಳಲ್ಲಿ ಬಿರುಕು ಇದೆಯಾ ಅಂತ ಬೆರಳಾಡಿಸಿ ನೋಡಿದರು, ಶಾಕ್ ಒತ್ತಿದರು, ಚಕ್ರ ತಿರುಗಿಸಿ ಬ್ರೇಕ್ ಹಿಡಿದರು. ತಂತಿ ಎಳೆಯುವ ಡಿಸ್ಕ್ ಬ್ರೇಕ್. ಅಂಗಡಿಯವರು ಲಿವರ್ ಹತ್ತಿರದ ಸಣ್ಣ ತಿರುಪು ತೋರಿಸಿ, "ಈ ಕಡೆ ತಿರುಗಿಸಿದ್ರೆ ಬಿಗಿ, ಆ ಕಡೆ ತಿರುಗಿಸಿದ್ರೆ ಸಡಿಲ" ಅಂದರು. ಗುಬ್ಬಿ ಅದನ್ನು ನೋಡಿಕೊಂಡಳು. ಬಣ್ಣ ಮಾತ್ರ ಕೆಸರಿನದ್ದು. "ಒರೆಸೋ ಕೆಲಸ ಉಳೀತು ಬಿಡು," ಅಂದಳು ಅಮ್ಮ.

ಕೆಲವು ವಾರ ಅಮ್ಮ ಬಯಲಿನಲ್ಲಿ, ಆಮೇಲೆ ಮಣ್ಣಿನ ದಾರಿಯಲ್ಲಿ ಅಭ್ಯಾಸ ಮಾಡಿದಳು. ಗುಂಪಿನವರ ಜೊತೆ ಗುಡ್ಡದ ಕಾಲುದಾರಿಗೆ ಹೋಗುವ ಭಾನುವಾರ ಹತ್ತಿರ ಬಂತು. ಅದೇ ವಾರ ಎಕ್ಸ್-ರೇ ಕೋಣೆಗೆ ಒಬ್ಬ ಟೀಚರ್ ಬಂದರು. ಭುಜದ ಮುಂದಿನ ಮೂಳೆ ಎರಡು ತುಂಡು.

"ಏನಾಯ್ತು ಮೇಡಂ?"

"ಸೈಕಲ್ಲಲ್ಲಿ ಗುಡ್ಡ ಇಳೀತಿದ್ದೆ. ಮುಂದಿನ ಬ್ರೇಕ್ ಹಿಡಿದೆ ಅಷ್ಟೇ ನೋಡಿ. ನಾನು ಕೆಳಗೆ, ಸೈಕಲ್ ಮೇಲೆ."

ಆ ಚಿತ್ರ ಗುಬ್ಬಿಯ ಕಣ್ಣಿನಿಂದ ಹೋಗಲಿಲ್ಲ. ಊಟಕ್ಕೆ ಕೂತರೂ ಅದೇ, ದೀಪ ಆರಿಸಿದರೂ ಅದೇ. 'ಅಮ್ಮಾ, ಹೋಗಬೇಡ' ಅನ್ನುವ ಮಾತು ಗಂಟಲವರೆಗೆ ಬಂದು ಅಲ್ಲೇ ಕೂತಿತು. ಅಮ್ಮ ಹೊಸ ಕೈಗವಸು ಹಾಕಿಕೊಂಡು ಕನ್ನಡಿಯ ಮುಂದೆ ಮಗುವಿನ ಹಾಗೆ ನಿಂತಿದ್ದಳು. ಅವಳಿಗೆ ಹೇಗೆ ಹೇಳುವುದು?

ಶನಿವಾರ ಸಂಜೆ ಅಮ್ಮ ಹೊಲಿದ ಬಟ್ಟೆ ಕೊಟ್ಟು ಬರಲು ಹೋದಳು. ಪಡಸಾಲೆಯಲ್ಲಿ ಸೈಕಲ್ ಒರಗಿ ನಿಂತಿತ್ತು. ಗುಬ್ಬಿ ಮುಂದಿನ ಬ್ರೇಕಿನ ತಿರುಪನ್ನು 'ಆ ಕಡೆ' ತಿರುಗಿಸಿದಳು. ಲಿವರ್ ಹಿಸುಕಿದರೆ ಹ್ಯಾಂಡಲ್‌ವರೆಗೂ ಬಂತು, ಚಕ್ರ ನಿಲ್ಲಲಿಲ್ಲ. ಮುಂದಿನ ಬ್ರೇಕೇ ಇಲ್ಲದಿದ್ದರೆ ಅಮ್ಮ ಮಗುಚುವುದೆಲ್ಲಿಂದ? ಹಿಂದಿನದೊಂದು ಇದೆಯಲ್ಲ, ಸಾಕು. ಆ ರಾತ್ರಿ ಅವಳಿಗೆ ಚೆನ್ನಾಗಿ ನಿದ್ದೆ ಬಂತು.

ಭಾನುವಾರ ಗುಬ್ಬಿಗೆ ಡ್ಯೂಟಿ ಇತ್ತು. ಫಿಸಿಯೋ ಅಕ್ಕನಿಗೂ ಇತ್ತು, ಹಾಗಾಗಿ ಅವರೂ ಗುಡ್ಡಕ್ಕೆ ಹೋಗಿರಲಿಲ್ಲ. ಟೀ ಕುಡಿಯುವಾಗ ಗುಬ್ಬಿ ಮೆಲ್ಲಗೆ ಕೇಳಿದಳು, "ಅಕ್ಕಾ, ಗುಡ್ಡದ ಸೈಕಲ್ಲಿಗೆ ಮುಂದಿನ ಬ್ರೇಕ್ ಯಾಕೆ ಇಟ್ಟಿರ್ತಾರೆ? ಬೀಳಿಸೋದೇ ಅದಲ್ವಾ?"

"ಆ ಟೀಚರ್ ಹೇಳಿದ್ದಾ? ನನ್ನ ಹತ್ರಾನೂ ಹಾಗೇ ಅಂದ್ರು. ಎಲ್ಲರೂ ಹಾಗೇ ಅಂದ್ಕೋತಾರೆ. ನೀನು ಬಸ್ಸಲ್ಲಿ ನಿಂತಿರ್ತೀಯ. ಡ್ರೈವರ್ ಬ್ರೇಕ್ ಹಾಕ್ತಾನೆ. ಜನ ಯಾವ ಕಡೆ ವಾಲ್ತಾರೆ?"

"ಮುಂದಕ್ಕೆ."

"ಸೈಕಲ್ಲಲ್ಲೂ ಅಷ್ಟೇ. ಭಾರವೆಲ್ಲ ಮುಂದಿನ ಚಕ್ರಕ್ಕೆ ಬೀಳುತ್ತೆ. ಭಾರ ಎಲ್ಲಿ ಬೀಳುತ್ತೋ ಅಲ್ಲೇ ಹಿಡಿತ. ಹಿಂದಿನ ಚಕ್ರ ಹಗುರಾಗುತ್ತೆ. ಅದೊಂದನ್ನೇ ಹಿಡಿದ್ರೆ ನಿಲ್ಲಲ್ಲ, ಜಾರುತ್ತೆ. ಇಳಿಜಾರಲ್ಲಂತೂ ಬಾಲ ಎಳ್ಕೊಂಡು ಹೋದ ಹಾಗೆ."

"ಮತ್ತೆ ಟೀಚರ್?"

"ಅವರು ಹೆದರಿ ನಾಲ್ಕೂ ಬೆರಳಲ್ಲಿ ಗಬಕ್ಕನೆ ಹಿಡಿದ್ರು. ಕೈ ಸೆಟೆದಿತ್ತು, ಮೈ ಹ್ಯಾಂಡಲ್ ಮೇಲಿತ್ತು. ತಪ್ಪು ಬ್ರೇಕಿಂದಲ್ಲ, ಹಿಡಿದ ರೀತೀದು. ಒಂದೇ ಬೆರಳು, ಮೆತ್ತಗೆ, ಎರಡೂ ಬ್ರೇಕು ಒಟ್ಟಿಗೆ. ಮೊಣಕೈ ಬಾಗಿರಬೇಕು, ಸೊಂಟ ಹಿಂದಕ್ಕೆ ಹೋಗಬೇಕು. ನಿನ್ನಮ್ಮನಿಗೆ ಇದನ್ನೇ... ಯಾಕೆ ಗುಬ್ಬಿ? ಮುಖ ಯಾಕೆ ಹೀಗೆ ಬಿಳಿಚಿಕೊಂಡಿತು?"

ಗುಬ್ಬಿ ಫೋನ್ ತೆಗೆದು ಅಮ್ಮನ ನಂಬರ್ ಒತ್ತಿದಳು. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಒತ್ತಿದಳು. "ಅಕ್ಕಾ, ನಾನು... ನಾನು ಅದನ್ನ ಸಡಿಲ ಮಾಡಿಬಿಟ್ಟಿದೀನಿ."

ಅಕ್ಕ ಬೈಯಲಿಲ್ಲ. ಗುಂಪಿನ ಇನ್ನೊಬ್ಬರಿಗೆ ಫೋನ್ ಮಾಡಿದರು. ಒಂದೆರಡು ಮಾತು ಕೇಳಿಸಿಕೊಂಡು, ಗುಬ್ಬಿಯ ಭುಜದ ಮೇಲೆ ಕೈಯಿಟ್ಟರು. "ನಿನ್ನಮ್ಮ ಬಿದ್ದಿದಾರೆ, ಇಲ್ಲಿಗೇ ಕರ್ಕೊಂಡು ಬರ್ತಿದಾರೆ. ಎಚ್ಚರವಾಗಿದಾರೆ, ಮಾತಾಡ್ತಿದಾರೆ. ಕೈಗೆ ಏಟಾಗಿದೆಯಂತೆ."

"ಯಾವ ಕೈ?"

"ಬಲಗೈ."

ಕತ್ತರಿ ಹಿಡಿಯುವ ಕೈ. ಆ ಮನೆ ನಡೆಯುತ್ತಿದ್ದದ್ದೇ ಆ ಕೈಯಿಂದ.

ಅಮ್ಮ ಬಂದಾಗ ಪ್ಯಾಂಟಿನ ಮಂಡಿ ಹರಿದಿತ್ತು, ಹೆಲ್ಮೆಟ್ಟಿನ ಒಂದು ಪಕ್ಕ ಕಲ್ಲಿಗೆ ಉಜ್ಜಿ ಗೀರಾಗಿತ್ತು. ಹೆಲ್ಮೆಟ್ ಇಲ್ಲದಿದ್ದರೆ ಆ ಗೀರು ಎಲ್ಲಿರುತ್ತಿತ್ತು ಅಂತ ಗುಬ್ಬಿ ಯೋಚಿಸಲಿಲ್ಲ. ಯೋಚಿಸಲು ಆಗಲಿಲ್ಲ. ದಿನಕ್ಕೆ ಎಷ್ಟೋ ಜನಕ್ಕೆ ಹೇಳುವ ಮಾತನ್ನೇ ಹೇಳಿದಳು: "ಕೈ ಇಲ್ಲಿಡು. ಅಲ್ಲಾಡಿಸಬೇಡ."

"ಹತ್ತೋದೆಲ್ಲ ಎಷ್ಟು ಚೆನ್ನಾಗಿ ಹತ್ತಿದೆ ಗೊತ್ತಾ," ಅಂದಳು ಅಮ್ಮ. "ಇಳಿಯುವಾಗ ತಿರುವಿನಲ್ಲಿ ಬ್ರೇಕ್ ಹಿಡೀತೀನಿ, ಮುಂದಿಂದು ಸತ್ತ ಹಾವು. ಹಿಂದಿಂದು ಜಾರ್ಕೊಂಡು ಹೋಯ್ತು. ನಾನೇ ಪೊದೆ ಕಡೆ ಬಿದ್ದುಬಿಟ್ಟೆ. ಆ ಅಂಗಡಿಯವನನ್ನ ನಾನು ಬಿಡೋದಿಲ್ಲ. ಸರಿಯಾಗಿ ಬಿಗಿ ಮಾಡದೇ ಕೊಟ್ಟಿದಾನೆ, ಇಷ್ಟು ಬೇಗ ಸಡಿಲ ಆಗಿದೆ. ನಾಳೆ ಹೋಗಿ ಬೀದೀಲಿ ನಿಂತು ಕೇಳ್ತೀನಿ."

ಸುಮ್ಮನಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಸುಮ್ಮನಿರುವುದು ಗುಬ್ಬಿಗೆ ಚೆನ್ನಾಗಿ ಬರುವ ಕೆಲಸವೇ. ಎಕ್ಸ್-ರೇ ತೆಗೆದಳು. ಹೊರಗೆ ಬಂದು ಅಮ್ಮನ ಎದುರು ನಿಂತಳು.

"ಅವರಲ್ಲ ಅಮ್ಮ. ನಾನು."

"ಏನು ನೀನು?"

"ತಿರುಪು ತಿರುಗಿಸಿದ್ದು. ನೀನು ಮುಂದಿನ ಬ್ರೇಕ್ ಹಿಡಿದು ಮಗುಚಿಬಿಡ್ತೀಯ ಅಂತ ಭಯ ಆಯ್ತು."

ಅಮ್ಮ ಎಡಗೈಯಿಂದ ಬಲಗೈಯನ್ನು ಎದೆಗೆ ಒತ್ತಿಕೊಂಡಳು.

"ಹೋಗಬೇಡ ಅಂತ ಒಂದು ಮಾತು ಹೇಳೋಕೆ ಏನಾಗಿತ್ತೇ ನಿನಗೆ?"

"ಹೇಳಿದ್ರೆ ಕೇಳ್ತಿದ್ಯಾ?"

"ಕೇಳ್ತಿರಲಿಲ್ಲ. ಆದ್ರೆ ಬ್ರೇಕ್ ಇರ್ತಿತ್ತಲ್ಲ."

ಗುಬ್ಬಿ ಅತ್ತಳು. ಅಮ್ಮನೂ ಒಂದು ಮಾತು ಒಪ್ಪಿಕೊಂಡಳು. ಹೊರಡುವ ಮುಂಚೆ ಎಲ್ಲರೂ ಬ್ರೇಕ್ ಹಿಡಿದು ನೋಡಿಕೊಳ್ಳಿ ಅಂತ ಗುಂಪಿನವರು ಹೇಳಿದ್ದರಂತೆ. 'ನಿನ್ನೆ ತಾನೇ ಸರಿ ಇತ್ತು' ಅಂತ ಇವಳು ನೋಡಿರಲಿಲ್ಲ.

ಮೂಳೆ ಮುರಿದಿರಲಿಲ್ಲ. ಮಣಿಕಟ್ಟು ಉಳುಕಿತ್ತು. ಮೂರು ವಾರ ಕತ್ತರಿ ಮುಟ್ಟಬಾರದು ಅಂದರು ಡಾಕ್ಟರು. ಶಾಲೆ ಶುರುವಾಗುವ ಕಾಲ ಬೇರೆ. ಗುಬ್ಬಿ ಕೆಲಸದಿಂದ ಬಂದವಳೇ ಮಿಷನ್ನಿಗೆ ಕೂರುತ್ತಿದ್ದಳು. ಅಮ್ಮ ಪಕ್ಕದಲ್ಲಿ ನಿಂತು, "ಇದು ಚಡ್ಡಿಯೋ ಚೀಲವೋ, ಬಿಚ್ಚು!" ಅನ್ನುತ್ತಿದ್ದಳು. ಎರಡು ಶಾಲೆಯ ಬಟ್ಟೆ ಹೊತ್ತಿಗೆ ಆಗಲಿಲ್ಲ, ಬೇರೆ ಟೈಲರಿಗೆ ಹೋಯಿತು.

ಗುಂಡಿ ಹಾಕುತ್ತಿದ್ದ ದೊಡ್ಡಮ್ಮ ಒಂದು ಸಂಜೆ ದಾರ ಕಡಿಯುತ್ತಾ ಅಂದಳು, "ಆ ಸೈಕಲ್ ಮಾರಿಬಿಡ್ರೇ. ಪಡಸಾಲೇಲಿ ಓಡಾಡೋಕೆ ಜಾಗವಾದ್ರೂ ಆಗುತ್ತೆ."

ಅಮ್ಮ ಕಿಟಕಿಯಾಚೆ ನೋಡಿದಳು. ಬಿದ್ದ ದಿನಕ್ಕಿಂತ ಹೆಚ್ಚು ನೋವು ಅವಳ ಮುಖದಲ್ಲಿ ಕಂಡದ್ದು ಆಗಲೇ.

"ಮಾರೋದು ಬೇಡ ದೊಡ್ಡಮ್ಮ," ಅಂದಳು ಗುಬ್ಬಿ.

ದೊಡ್ಡಮ್ಮನ ಕೈಯಿಂದ ಗುಂಡಿ ಜಾರಿತು. "ಅಯ್ಯೋ, ಇವಳಿಗೆ ಬಾಯಿ ಬಂತಲ್ಲೇ!"

ಮರುದಿನ ಗುಬ್ಬಿ ಸೈಕಲ್ ತಳ್ಳಿಕೊಂಡು ಅಂಗಡಿಗೆ ಹೋದಳು. ಎರಡೂ ಬ್ರೇಕ್ ಬಿಗಿ ಮಾಡಿಸಿ, ಬಿಗಿ ಮಾಡುವುದನ್ನು ಕಲಿತಳು. ಆಮೇಲೆ ಫಿಸಿಯೋ ಅಕ್ಕ ಬಯಲಿನಲ್ಲಿ, "ಹತ್ತಬೇಡ, ಪಕ್ಕದಲ್ಲಿ ನಡಕೊಂಡು ತಳ್ಳು. ಬರೀ ಹಿಂದಿಂದು ಹಿಡಿ" ಅಂದರು. ಚಕ್ರ ಮಣ್ಣಿನಲ್ಲಿ ಉದ್ದ ಗೆರೆ ಎಳೆಯುತ್ತಾ ಜಾರಿತು. "ಈಗ ಮುಂದಿಂದು, ಮೆತ್ತಗೆ." ಸೈಕಲ್ ಶಾಕ್ ಮೇಲೆ ತಗ್ಗಿ, ಮಾತು ಕೇಳಿದ ಹಾಗೆ ನಿಂತಿತು. ಎರಡೂ ಒಟ್ಟಿಗೆ ಹಿಡಿದಾಗ ಇನ್ನೂ ಬೇಗ. ಗುಬ್ಬಿ ಅದನ್ನೇ ಮತ್ತೆ ಮತ್ತೆ ಮಾಡಿದಳು. ನೋಡಲು ಬಂದಿದ್ದ ದೊಡ್ಡಮ್ಮನೂ ಸೆರಗು ಸಿಕ್ಕಿಸಿ ಒಂದು ಸಲ ತಳ್ಳಿ ನೋಡಿ, "ಮುಂದಿಂದೇ ಯಜಮಾನ, ಹಿಂದಿಂದು ಗುಮಾಸ್ತ" ಅಂತ ತೀರ್ಪು ಕೊಟ್ಟಳು.

ಕೈ ಪೂರ್ತಿ ವಾಸಿಯಾಗಿ, ಡಾಕ್ಟರು ಒಪ್ಪಿದ ಮೇಲೆ ಅಮ್ಮ ಮತ್ತೆ ಗುಡ್ಡಕ್ಕೆ ಹೊರಟಳು. ಈ ಸಲ ಕಡಿದಾದ ತಿರುವು ಬಂದರೆ ಮೊದಲು ಇಳಿದು, ನಡೆದು, ದಾರಿ ನೋಡಿ ಬರುವುದು ಅಂತ ಮಾತಾಗಿತ್ತು. ಧೈರ್ಯ ಬಂದರೆ ಓಡಿಸುವುದು, ಬರದಿದ್ದರೆ ತಳ್ಳಿಕೊಂಡು ಇಳಿಯುವುದು. ತಳ್ಳಿಕೊಂಡು ಇಳಿದರೆ ಮಾನವೇನೂ ಹೋಗುವುದಿಲ್ಲ.

ಬಾಗಿಲಲ್ಲಿ ಗುಬ್ಬಿ ನಿಂತಿದ್ದಳು. ಈ ಸಲ ಅವಳು ಮಾತನ್ನು ನುಂಗಲಿಲ್ಲ.

"ಅಮ್ಮಾ, ನಂಗೆ ಭಯ ಆಗ್ತಿದೆ."

ಅಮ್ಮ ಹೆಲ್ಮೆಟ್ಟಿನ ಪಟ್ಟಿ ಹಾಕಿಕೊಳ್ಳುತ್ತಾ ಅವಳನ್ನು ನೋಡಿದಳು. "ನಂಗೂ ಆಗ್ತಿದೆ ಕಣೇ. ಬಾ, ಇಬ್ಬರೂ ಸೇರಿ ಬ್ರೇಕ್ ನೋಡೋಣ."

ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲೂ ಒಂದು ಸೈಕಲ್ ಇರಬಹುದು, ಅದರ ಮೇಲೆ ಹೊರಟು ನಿಂತ ಒಬ್ಬರು ಇರಬಹುದು. ಅವರ ಅಳತೆಗೆ ಸರಿಯಾದ, ಅವರು ಹೋಗುವ ದಾರಿಗೆ ತಕ್ಕ ಸೈಕಲ್ಲನ್ನೇ ಕೊಡಿಸಿ. ಆಫರು, ಬಣ್ಣ ಆಮೇಲೆ. ನಿನ್ನೆ ಸರಿ ಇತ್ತು ಅನ್ನಬೇಡಿ. ಪ್ರತಿ ಸಲ ಹೊರಡುವ ಮುಂಚೆ ಎರಡೂ ಬ್ರೇಕನ್ನು ಒಂದೊಂದಾಗಿ ಹಿಡಿದು, ಸೈಕಲ್ ತಳ್ಳಿ ನೋಡಿ. ಹೆಲ್ಮೆಟ್ ಇಲ್ಲದೆ ಹೊಸ್ತಿಲು ದಾಟಬೇಡಿ. ನಿಮಗೆ ಭಯವಾಗುತ್ತಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ, ಜಗಳವಾದರೂ ಆಗಲಿ. ನಮ್ಮ ಭಯಕ್ಕಾಗಿ ಇನ್ನೊಬ್ಬರ ಬ್ರೇಕಿಗೆ ಕೈ ಹಾಕುವುದು ಮಾತ್ರ ಬೇಡ.