ರೋರಿಯ ಟೀ ಕೆಟಲು ಮತ್ತು ಏಳು ತಲೆಮಾರು

ಕೆನಡಾದ ಕೇಪ್ ಬ್ರೆಟನ್ ದ್ವೀಪದ ಒಂದು ಗಣಿ ಊರಿನಲ್ಲಿ ಯಾರು ಎದುರಾದರೂ ಮೊದಲು ಕೇಳುವುದು ಒಂದೇ ಮಾತು: "ನೀವು ಯಾರ ಮಗ?" ರೋರಿ ಮೆಕ್‌ನೀಲನಿಗೆ ಆ ಪ್ರಶ್ನೆಯೆಂದರೆ ಹಬ್ಬ. ಮೂವತ್ತು ವರ್ಷ ಕಲ್ಲಿದ್ದಲು ಕಡಿದು ಶ್ವಾಸಕೋಶ ಹಾಳಾಗಿತ್ತು, ಹತ್ತು ಹೆಜ್ಜೆಗೆ ಏದುಸಿರು. ಆದರೂ ಇಡೀ ಊರಿನ ವಂಶಾವಳಿ ಅವನ ನಾಲಿಗೆಯ ತುದಿಯಲ್ಲಿತ್ತು. ಚರ್ಚಿನ ಶನಿವಾರದ ಊಟದಲ್ಲಿ ಮೇಜಿಂದ ಮೇಜಿಗೆ ಹೋಗಿ ಟೀ ಬಗ್ಗಿಸುವವನೂ ಅವನೇ. ಇಪ್ಪತ್ತು ವರ್ಷದಿಂದ ಆ ಕೆಟಲನ್ನು ಇನ್ನೊಬ್ಬರ ಕೈಗೆ ಕೊಟ್ಟವನಲ್ಲ.

ಒಂದು ಶನಿವಾರ ಊರಿಗೆ ಹೊಸಬನೊಬ್ಬ, ರೋರಿ ಕೆಟಲು ಹಿಡಿದು ಮೇಜುಗಳ ನಡುವೆ ಹೋಗುತ್ತಿದ್ದಾಗಲೇ ಆ ಪ್ರಶ್ನೆ ಕೇಳಿಬಿಟ್ಟ. ರೋರಿ ನಡೆಯುತ್ತಲೇ ಶುರುಹಚ್ಚಿಕೊಂಡ: "ಅಲೆಕ್‌ನ ಮಗ. ಅಲೆಕ್ ಯಾರು? ಡಂಕನ್‌ನ ಮಗ. ಡಂಕನ್..." ಮುತ್ತಜ್ಜನ ಹೆಸರಿಗೆ ತಡಕಾಡುವಾಗ ಕಾಲು ತಡವರಿಸಿತು. ಕೆಟಲು ನೆಲದ ಮೇಲೆ, ರೋರಿ ಪಾದ್ರಿಗಳ ತೊಡೆಯ ಮೇಲೆ! ಬಿಸಿ ಟೀ ಯಾರಿಗೂ ಸಿಡಿಯಲಿಲ್ಲ, ಪುಣ್ಯ.

"ಇನ್ಮೇಲೆ ಕೆಟಲು ಮುಟ್ಬೇಡ," ಎಂದಳು ಹೆಂಡತಿ ಫ್ಲೋರಾ. "ಸೊಂಟ ಮುರ್ಕೊಂಡ್ರೆ ನಿನ್ನ ಏಳು ತಲೆಮಾರು ಬಂದು ಎತ್ತುತ್ತಾ?"

"ನೆಲ ಜಾರ್ತಿತ್ತು ಕಣೇ. ನನ್ ಕಾಲಿಗೇನಾಗಿದೆ?"

"ಹೂಂ, ಕುಣಿಯೋಕ್ಕಾಗ್ದೋಳು ನೆಲ ಡೊಂಕು ಅಂದ್ಳಂತೆ."

ಸೋಮವಾರ ಪಕ್ಕದ ಮನೆಯ ಮೋರಾಗ್ ಬಂದಳು. ಶ್ವಾಸಕೋಶದ ಕ್ಲಿನಿಕ್ಕಿನಲ್ಲಿ ವ್ಯಾಯಾಮ ಕಲಿಸುವವಳು ಅವಳು.

"ಅಡುಗೆಕಟ್ಟೆ ಪಕ್ಕ ನಿಲ್ಲಿ ಮಾವ. ಒಂದು ಪಾದದ ಮುಂದೆ ಇನ್ನೊಂದು. ನಾನು ಹಿಂದೇನೇ ಇದೀನಿ, ಈಗ ಕೈ ಬಿಡಿ."

ರೋರಿ ಕಂಬದ ಹಾಗೆ ನಿಂತ. "ನೋಡ್ದ್ಯಾ ಫ್ಲೋರಾ?"

"ಈಗ ನಿಮ್ಮ ವಂಶಾನ ಮೇಲಿಂದ ಕೆಳಕ್ಕೆ ಹೇಳಿ," ಎಂದಳು ಮೋರಾಗ್.

"ಅದೇನ್ ಮಹಾ! ಹೆಕ್ಟರ್. ಅವನ ಮಗ... ನೀಲ್. ಅವನ ಮಗ..." ಮೂರನೆಯ ಹೆಸರಿಗೆ ಮೈ ವಾಲಿ, ಗಬಕ್ಕನೆ ಕಟ್ಟೆ ಹಿಡಿದುಕೊಂಡ. ಫ್ಲೋರಾ ನಗಲಿಲ್ಲ. ಅವನಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಮೋರಾಗ್ ಕುರ್ಚಿ ಎಳೆದು ಕೂರಿಸಿದಳು. "ಉಸಿರಿನ ಹಳೇ ಕಾಯಿಲೆ ಇರೋ ಎಷ್ಟೋ ಜನಕ್ಕೆ ಕಾಲಿನ ಬಲಾನೂ ಕಮ್ಮಿ, ಸಮತೋಲನಾನೂ ಕಮ್ಮಿ. ನೆಟ್ಟಗೆ ನಿಲ್ಲೋಕೂ ತಲೆ ಗಮನ ಕೊಡ್ಬೇಕು. ಆ ಗಮನ ಲೆಕ್ಕಕ್ಕೋ ನೆನಪಿಗೋ ಹೋದ್ರೆ ಕಾಲನ್ನ ಕೇಳೋರಿಲ್ಲ."

"ಹಂಗಾದ್ರೆ ಬಾಯಿಗೆ ಬೀಗ ಹಾಕ್ಕೊಳ್ಲಾ? ನನ್ ಕೈಲಾಗಲ್ಲಮ್ಮ!"

"ಯಾರ್ ಹಾಕ್ಕೊಳ್ಳಿ ಅಂದ್ರು? ಮೊದ್ಲು ನಿಲ್ಲಿ, ಕೆಟಲು ಕೆಳಗಿಡಿ, ಆಮೇಲೆ ಹೇಳಿ. ವಾರಕ್ಕೆರಡು ಸಲ ಕ್ಲಿನಿಕ್ಕಿಗೆ ಬನ್ನಿ. ಹುಷಾರಾಗಿ, ಸ್ವಲ್ಪ ಸ್ವಲ್ಪವಾಗಿ, ಹೆಜ್ಜೆಗೂ ಮಾತಿಗೂ ಒಟ್ಟಿಗೆ ಅಭ್ಯಾಸ ಮಾಡಿಸ್ತೀನಿ."

ಎರಡು ತಿಂಗಳು ರೋರಿ ಒಂದು ದಿನವೂ ತಪ್ಪಿಸಲಿಲ್ಲ. ಆಮೇಲಿನ ಶನಿವಾರ ಫ್ಲೋರಾ ತಾನೇ ಕೆಟಲಿಗೆ ಅರ್ಧ ಟೀ ತುಂಬಿ ಅವನ ಕೈಗಿಟ್ಟಳು. ಅದೇ ಹೊಸಬ ನಗುತ್ತಾ ಕೂಗಿದ, "ಮುತ್ತಜ್ಜನ ಹೆಸರು ಬಾಕಿ ಇದೆ!"

ರೋರಿ ನಿಂತ. ಕೆಟಲನ್ನು ಮೇಜಿನ ಮೇಲಿಟ್ಟು, ಕುರ್ಚಿ ಎಳೆದು ಕೂತ. "ಅರ್ಜೆಂಟ್ ನಿಂಗಿರ್ಬೋದು, ನಂಗಿಲ್ಲ," ಎಂದು ಏಳು ತಲೆಮಾರನ್ನೂ ತಡವರಿಸದೆ ಹೇಳಿ ಮುಗಿಸಿದ. ಎಲ್ಲರ ಟೀ ತಣ್ಣಗಾಯಿತು, ಯಾರೂ ಗೊಣಗಲಿಲ್ಲ.

ನಿಮ್ಮ ಮನೆಯಲ್ಲೂ ಏದುಸಿರು ಬಿಡುವ ಹಿರಿಯರಿದ್ದಾರೆಯೇ? ಅವರು ಒಮ್ಮೆ ತಡವರಿಸಿದರೂ ವೈದ್ಯರಿಗೆ ತಿಳಿಸಿ, ಸಮತೋಲನದ ವ್ಯಾಯಾಮ ಕೇಳಿ. ರೋರಿಗೆ ಮಾಡಿದ ಪರೀಕ್ಷೆಯನ್ನು ಮನೆಯಲ್ಲಿ ನೀವೇ ಮಾಡಲು ಹೋಗಬೇಡಿ. ನಡೆಯುತ್ತಿರುವವರನ್ನು ಮಾತಿಗೆಳೆಯಲೂ ಬೇಡಿ. ಮೊದಲು ಕುರ್ಚಿ ಕೊಡಿ, ಆಮೇಲೆ ಅವರ ಕಥೆ ಕೇಳಿ.